ಮೇಡನ್ ಕ್ಯಾಸಲ್: ಮಣ್ಣಿನ ಕೋಟೆಯೊಂದರ ಸಾಕ್ಷ್ಯ

ಕೋಟೆಯೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣೆದುರಿಗೆ ನಿಲ್ಲುವುದು ಕಲ್ಲಿನ ಚಿತ್ರ. ಚಿತ್ರದುರ್ಗದ ಏಳು ಸುತ್ತಿನ ಗೋಡೆಗಳು, ಹೆಬ್ಬಂಡೆಗಳ ನಡುವೆ ನುಸುಳಿ ಹೋಗುವ ಬಾಗಿಲುಗಳು, ಬತೇರಿಗಳು, ಬುರುಜುಗಳು, ಇವುಗಳನ್ನು ನೋಡಿ ಬೆಳೆದ ನಮಗೆ, ಬರಿಯ ಮಣ್ಣನ್ನು ಅಗೆದು ಅದನ್ನೇ ಮೇಲಕ್ಕೆ ರಾಶಿ ಹಾಕಿ ಮಾಡಿದ ಕೋಟೆಯೆಂದರೆ ಅದೇನು ಮಹಾ ಎನ್ನಿಸಬಹುದು. ಆದರೆ ಕೆಂಪೇಗೌಡರು 1537ರ ಸುಮಾರಿಗೆ ಬೆಂಗಳೂರಿಗೆ ಹಾಕಿಸಿದುದೂ ಮಣ್ಣಿನ ಕೋಟೆಯೇ ಎಂಬುದನ್ನು ನಾವು ಮರೆಯಬಾರದು. ಅದು ಇಂದು ಉಳಿದಿಲ್ಲ. ಎರಡು ಸಾವಿರ ವರ್ಷಗಳಿಗೂ ಮಿಗಿಲಾದ ಕಾಲದಿಂದ ಉಳಿದುಕೊಂಡು ಬಂದಿರುವ, ದೂರದೇಶದ ಒಂದು ಮಣ್ಣಿನ ಕೋಟೆಯ ವಿಷಯವಾಗಿ ಈ ಹೊತ್ತು ಶ್ರೋತೃಗಳ ಮುಂದೆ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಆ ಕೋಟೆಯನ್ನು ನಾನು ಕಣ್ಣಾರೆ ಕಂಡವನಲ್ಲ. ನಕ್ಷೆಗಳಿಂದಲೂ ಛಾಯಾಚಿತ್ರಗಳಿಂದಲೂ ಗ್ರಂಥಗಳಿಂದಲೂ ತಿಳಿದವನು. ಆದರೂ ಅದಕ್ಕೆ ನಾನು ಒಂದು ಸಾಲವನ್ನು ತೀರಿಸಬೇಕಾಗಿದೆ. ಅದೇನೆಂಬುದು ಮುಂದೆ ತಿಳಿಯುವುದು.

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಡಾರ್ಸೆಟ್ ಎಂಬ ಪ್ರಾಂತವಿದೆ. ಕಾದಂಬರಿಕಾರ ಥಾಮಸ್ ಹಾರ್ಡಿಯ ನಾಡು ಎಂದರೆ ಆಂಗ್ಲ ಸಾಹಿತ್ಯವನ್ನು ಓದಿದವರಿಗೆ ಗುರುತು ಸಿಕ್ಕೀತು. ಅಲ್ಲಿಯ ಡಾರ್ಚೆಸ್ಟರ್ ಪಟ್ಟಣದಿಂದ ನೈಋತ್ಯಕ್ಕೆ ಸುಮಾರು ಎರಡು ಮೈಲಿ ನಡೆದರೆ ಮರವಿಲ್ಲದ ಒಂದು ಹಸುರು ಗುಡ್ಡ ಎದುರಾಗುತ್ತದೆ. ಇದೇ ಮೇಡನ್ ಕ್ಯಾಸಲ್. ಅಕ್ಷರಾರ್ಥದಲ್ಲಿ ಕನ್ಯೆಯ ಕೋಟೆ. ಪ್ರಾಚೀನ ಕೆಲ್ಟಿಕ್ ಭಾಷೆಯಲ್ಲಿ ಮಹಾಗಿರಿಯೆಂಬ ಅರ್ಥದ ಶಬ್ದವೇ ಹೀಗೆ ರೂಪಾಂತರ ಹೊಂದಿತೆಂದು ಊಹಿಸುವವರೂ ಉಂಟು. ಹಾರ್ಡಿಯು 1885ರಲ್ಲಿ ಇದನ್ನೇ ರಂಗಭೂಮಿಯಾಗಿಟ್ಟುಕೊಂಡು ಒಂದು ಸಣ್ಣ ಕಥೆಯನ್ನು ಬರೆದನು. ಅಪ್ಪಣೆಯಿಲ್ಲದೆ ಇರುಳಿನಲ್ಲಿ ಕೋಟೆಯನ್ನು ಅಗೆಯಲು ಹೋಗುವ ಒಬ್ಬ ಪುರಾತನವಸ್ತುಪ್ರಿಯನ ಕಥೆ ಅದು.

ಗುಡ್ಡದ ಬುಡದಿಂದ ಏರತೊಡಗಿದವನಿಗೆ ಮೊದಲು ಒಂದು ಮಣ್ಣಿನ ಒಡ್ಡು ಸಿಕ್ಕುತ್ತದೆ. ಅದನ್ನು ಹತ್ತಿ ಇಳಿದರೆ ಆಳವಾದ ಕಂದಕ. ಕಂದಕದಿಂದ ಮತ್ತೊಂದು ಒಡ್ಡು, ಮತ್ತೊಂದು ಕಂದಕ. ಹೀಗೆ ಅಲೆಗಳ ಹಿಂದೆ ಅಲೆಗಳಂತೆ ಒಡ್ಡುಗಳೂ ಕಂದಕಗಳೂ ಗುಡ್ಡವನ್ನು ಸುತ್ತುವರಿದಿವೆ. ನೇರವಾಗಿ ಒಳಹೊಗುವುದು ಸಾಧ್ಯವಿಲ್ಲ. ಪೂರ್ವದಲ್ಲೊಂದು, ಪಶ್ಚಿಮದಲ್ಲೊಂದು ಬಾಗಿಲಿನ ಸ್ಥಾನಗಳಿದ್ದು, ಎರಡೂ ಕಡೆ ದಾರಿಯು ಒಡ್ಡುಗಳ ನಡುವೆ ಅತ್ತ ಹೊರಳಿ ಇತ್ತ ಹೊರಳಿ ಸಾಗುತ್ತದೆ. ಬರುವವನ ಮಗ್ಗುಲು ಸದಾ ಮೇಲೆ ನಿಂತವನ ಕಣ್ಣಿಗೆ ಬಿದ್ದಿರಬೇಕೆಂಬ ಯುಕ್ತಿ ಇದರಲ್ಲಿ ಕಾಣುತ್ತದೆ. ಈ ಎಲ್ಲ ಸುತ್ತುಗಳ ಒಳಗಿರುವ ಬಯಲಿನ ವಿಸ್ತೀರ್ಣ ಸುಮಾರು 47 ಎಕರೆ. ಬ್ರಿಟನ್ನಿನ ಗಿರಿದುರ್ಗಗಳಲ್ಲಿ ಇದು ಅತ್ಯಂತ ದೊಡ್ಡವುಗಳ ಸಾಲಿಗೆ ಸೇರಿದುದು.

ಈ ಗುಡ್ಡವು ಸೀಮೆಸುಣ್ಣದ ಗುಡ್ಡ. ನಾವು ಉಪಾಧ್ಯಾಯರು ಕರಿಹಲಗೆಯ ಮೇಲೆ ಬರೆಯುವ ಬಿಳಿಯ ವಸ್ತುವಿನ ಜಾತಿಯೇ ಅದು. ಆದುದರಿಂದ ಕೋಟೆಯು ಹೊಸದಾಗಿದ್ದಾಗ ಅದರ ಒಡ್ಡುಗಳು ಇಂದಿನಂತೆ ಹಸುರಾಗಿರದೆ, ಆಗತಾನೆ ಅಗೆದ ಸುಣ್ಣದಿಂದ ಬೆಳ್ಳಗೆ ಹೊಳೆಯುತ್ತ ಬಹುದೂರಕ್ಕೆ ಕಾಣುತ್ತಿದ್ದಿರಬೇಕು.

ಅದರ ಚರಿತ್ರೆಯು ಕೋಟೆಗಿಂತಲೂ ಹಳೆಯದು. ಕ್ರಿ.ಪೂ. 3600ರ ಆಸುಪಾಸಿನಲ್ಲಿ ನವಶಿಲಾಯುಗದ ಜನರು ಗುಡ್ಡದ ಪೂರ್ವಭಾಗದಲ್ಲಿ ಕಂದಕದಿಂದ ಸುತ್ತುವರಿದ ಒಂದು ಆವರಣವನ್ನು ರಚಿಸಿದ್ದರು. ಅನಂತರ ಅದರ ಮೇಲೆಯೇ 546 ಮೀಟರು ಉದ್ದದ ಒಂದು ನೀಳವಾದ ದಿಬ್ಬವನ್ನು ಎಬ್ಬಿಸಿದರು. ಕಂಚಿನ ಯುಗದಲ್ಲಿ ಅಲ್ಲಿ ಬೇಸಾಯ ನಡೆದು ಬಳಿಕ ಗುಡ್ಡ ಪಾಳುಬಿದ್ದಿತು. ಕ್ರಿ.ಪೂ. 600ರ ಸುಮಾರಿಗೆ ಕಬ್ಬಿಣದ ಯುಗದ ಜನರು ಮತ್ತೆ ಅಲ್ಲಿಗೆ ಬಂದು, ಒಂದೇ ಒಡ್ಡು ಒಂದೇ ಕಂದಕಗಳಿಂದ ಸುಮಾರು 16 ಎಕರೆಯನ್ನು ಬಳಸಿದರು. ಇದೇ ಮೊದಲನೆಯ ಕೋಟೆ. ಕ್ರಿ.ಪೂ. 450ರ ಹೊತ್ತಿಗೆ ಅದು ಪಶ್ಚಿಮಕ್ಕೆ ಹಬ್ಬಿ ಮೂರರಷ್ಟಾಯಿತು. ಮುಂದಿನ ತಲೆಮಾರುಗಳವರು ಒಡ್ಡುಗಳನ್ನು ಎತ್ತರಿಸಿದರು, ಕಂದಕಗಳನ್ನು ಆಳಗೊಳಿಸಿದರು, ಹೊಸ ಸುತ್ತುಗಳನ್ನು ಕೂಡಿಸಿದರು. ಒಳಗೆ ದುಂಡಗಿನ ಗುಡಿಸಲುಗಳು. ನೆಲದಲ್ಲಿ ಧಾನ್ಯವನ್ನು ತುಂಬಿಡುವ ಗುಳಿಗಳು. ಈ ಗುಳಿಗಳ ವರ್ಣನೆಯನ್ನು ಓದಿದಾಗ ನಮ್ಮ ಬಯಲುಸೀಮೆಯ ಹಗೇವುಗಳ ನೆನಪು ತಾನಾಗಿಯೇ ಬರುತ್ತದೆ. ಬಾಗಿಲ ಬಳಿ ಕವಣೆಗಲ್ಲುಗಳ ದೊಡ್ಡ ರಾಶಿಗಳು ದೊರೆತಿವೆ. ಅವು ಹತ್ತಿರದ ಚೆಸಿಲ್ ಕಡಲಕರೆಯಿಂದ ಆರಿಸಿ ತಂದ ಉರುಟು ಕಲ್ಲುಗಳು; ಎಣಿಕೆಯಲ್ಲಿ ಇಪ್ಪತ್ತು ಸಾವಿರವನ್ನೂ ಮೀರುತ್ತವೆ.

ಈ ಜನರಿಗೆ ಬರವಣಿಗೆಯಿರಲಿಲ್ಲ. ಡುರೊಟ್ರಿಗೆಸ್ ಎಂಬ ಇವರ ಕುಲದ ಹೆಸರು ನಮಗೆ ತಿಳಿದಿರುವುದು ರೋಮನರ ಮೂಲಕ. ಕ್ರಿ.ಶ. 43ರಲ್ಲಿ ರೋಮನ್ ಸೈನ್ಯವು ಬ್ರಿಟನ್ನಿನ ಮೇಲೆ ದಂಡೆತ್ತಿ ಬಂದಿತು. ಅದರ ಎರಡನೆಯ ದಳದ ನಾಯಕನಾಗಿದ್ದವನು ಮುಂದೆ ಚಕ್ರವರ್ತಿಯಾದ ವೆಸ್ಪಾಸಿಯನ್. ಅವನು ದಕ್ಷಿಣ ಬ್ರಿಟನ್ನಿನಲ್ಲಿ ಎರಡು ಪ್ರಬಲ ಕುಲಗಳನ್ನು ಸೋಲಿಸಿ, ಇಪ್ಪತ್ತಕ್ಕೂ ಹೆಚ್ಚು ಕೋಟೆಗಳನ್ನು ಗೆದ್ದನೆಂದು ಚರಿತ್ರಕಾರ ಸುಯೆಟೋನಿಯಸ್ ಹೇಳುತ್ತಾನೆ. ಆದರೆ ಆ ಕೋಟೆಗಳ ಹೆಸರುಗಳನ್ನು ಅವನು ಹೇಳುವುದಿಲ್ಲ. ಈ ಮೌನವನ್ನು ಶ್ರೋತೃಗಳು ನೆನಪಿನಲ್ಲಿಡಬೇಕಾಗಿ ಕೋರುತ್ತೇನೆ.

ಈಗ ನಮ್ಮ ಕಥೆಯ ಮುಖ್ಯ ಪುರುಷನು ರಂಗಕ್ಕೆ ಬರುತ್ತಾನೆ. ಆತನ ಹೆಸರು ಮಾರ್ಟಿಮರ್ ವ್ಹೀಲರ್. ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿ ಹೋರಾಡಿ ಪದಕ ಪಡೆದವನು. ಪ್ರಾಕ್ತನಶಾಸ್ತ್ರದಲ್ಲಿ ಅಸಾಧಾರಣ ಪ್ರತಿಭೆಯುಳ್ಳವನು. ಅವನೂ ಅವನ ಪತ್ನಿ ಟೆಸ್ಸಾ ವ್ಹೀಲರಳೂ 1934ರಿಂದ 1937ರವರೆಗೆ ಪ್ರತಿ ಬೇಸಗೆಯಲ್ಲಿಯೂ ಮೇಡನ್ ಕ್ಯಾಸಲಿನಲ್ಲಿ ಉತ್ಖನನವನ್ನು ನಡೆಸುವ ಏರ್ಪಾಡು ಮಾಡಿದರು. ಕೆಲಸವು ನಡುವೆ ಇದ್ದಾಗಲೇ, 1936ರಲ್ಲಿ, ಟೆಸ್ಸಾ ತೀರಿಕೊಂಡಳು. ವ್ಹೀಲರನು ಅಗೆತವನ್ನು ಮುಂದುವರಿಸಿದನು. ನೆಲವನ್ನು ಚೌಕಗಳಾಗಿ ವಿಂಗಡಿಸುವುದು, ನಡುನಡುವೆ ಅಗೆಯದ ಗೋಡೆಗಳನ್ನು ಬಿಡುವುದು, ಆ ಗೋಡೆಗಳ ಮೈಯಲ್ಲಿ ಕಾಣುವ ಒಂದೊಂದು ಪದರಕ್ಕೂ ಗುರುತಿನ ಚೀಟಿ ಹಚ್ಚಿ ನಕ್ಷೆ ಬರೆಯುವುದು, ಯಾವ ವಸ್ತು ಯಾವ ಪದರದಲ್ಲಿ ದೊರೆಯಿತೆಂಬುದನ್ನು ತಪ್ಪದೆ ದಾಖಲೆ ಮಾಡುವುದು, ಇವೇ ಅವರ ಕ್ರಮದ ಜೀವಾಳ. ಅಷ್ಟೇ ಅಲ್ಲ, ಸಾಮಾನ್ಯ ಜನರೂ ಬಂದು ನೋಡಬೇಕೆಂದು ಅವನ ಆಸೆ. ಸಂದರ್ಶಕರಿಗೆ ವಿವರಣೆ ಕೊಡುವ ಏರ್ಪಾಡಿತ್ತು. ಚಿತ್ರದ ಕಾರ್ಡುಗಳ ಮಾರಾಟವಿತ್ತು. ಪತ್ರಿಕೆಗಳಲ್ಲಿ ಸುದ್ದಿ ಬರುತ್ತಿತ್ತು.

ಪೂರ್ವದ ಬಾಗಿಲಿನ ಬಳಿ ಅಗೆಯುತ್ತಿದ್ದಾಗ ಒಂದು ಸ್ಮಶಾನ ಸಿಕ್ಕಿತು. ಅಲ್ಲಿ ಐವತ್ತರಷ್ಟು ಶವಗಳನ್ನು ಹೂಳಲಾಗಿತ್ತು. ಹಲವು ತಲೆಬುರುಡೆಗಳ ಮೇಲೆ ಕತ್ತಿಯ ಕಡಿತದ ಗುರುತುಗಳಿದ್ದವು. ಒಬ್ಬನ ಬೆನ್ನುಮೂಳೆಯಲ್ಲಿ ಕಬ್ಬಿಣದ ಒಂದು ಮೊನೆ ನೆಟ್ಟುಕೊಂಡೇ ಇತ್ತು. ಸಮೀಪದಲ್ಲಿಯೇ ಇದ್ದಿಲು, ಬೂದಿಗಳ ಪದರ. ವ್ಹೀಲರನ ಯೋಧಚಿತ್ತಕ್ಕೆ ಇಷ್ಟು ಸಾಕಾಯಿತು. 1943ರಲ್ಲಿ ಪ್ರಕಟವಾದ ವರದಿಯಲ್ಲಿ ಅವನು ಆ ದಿನವನ್ನೇ ನಮ್ಮ ಕಣ್ಣಮುಂದೆ ನಿಲ್ಲಿಸಿದನು. ವೆಸ್ಪಾಸಿಯನ್ನನ ದಳ ಗುಡ್ಡದ ಕೆಳಗೆ ಬಂದು ನಿಲ್ಲುತ್ತದೆ. ಯಂತ್ರಗಳಿಂದ ಬಾಣಗಳ ಮಳೆ ಸುರಿಯುತ್ತದೆ. ಬಾಗಿಲ ಬಳಿಯ ಗುಡಿಸಲುಗಳಿಗೆ ಬೆಂಕಿ ಬೀಳುತ್ತದೆ. ಹೊಗೆಯ ಮರೆಯಲ್ಲಿ ಸೈನಿಕರು ಒಳನುಗ್ಗುತ್ತಾರೆ; ಹೆಂಗಸರು ಗಂಡಸರೆನ್ನದೆ ಕೊಲ್ಲುತ್ತಾರೆ. ಇರುಳಾದ ಮೇಲೆ ಅಳಿದುಳಿದವರು ಬಂದು ತಮ್ಮವರನ್ನು ಆತುರಾತುರವಾಗಿ ಮಣ್ಣುಮಾಡುತ್ತಾರೆ. ಬೆನ್ನಿನಲ್ಲಿದ್ದ ಮೊನೆ ರೋಮನ್ ಯಂತ್ರದಿಂದ ಹಾರಿದ ಬಾಣ. ಬೂದಿಯು ಸುಟ್ಟ ಗುಡಿಸಲುಗಳ ಬೂದಿ. ಸ್ಮಶಾನವು ಯುದ್ಧದ ಸ್ಮಶಾನ.

ಈ ಕಥೆಯ ಆಕರ್ಷಣೆಯನ್ನು ಬಣ್ಣಿಸಬೇಕಾಗಿಲ್ಲ. ಬರವಣಿಗೆಯಿಲ್ಲದ ಒಂದು ಜನಾಂಗದ ಕೊನೆಯ ದಿನವು ಗಂಟೆಗಂಟೆಯ ಲೆಕ್ಕದಲ್ಲಿ ದೊರೆತಂತಾಯಿತು. ಕಾಲವೂ ಅದಕ್ಕೆ ಅನುಕೂಲವಾಗಿತ್ತು. ಅಗೆತ ನಡೆದುದು ಯೂರೋಪಿನಲ್ಲಿ ಮತ್ತೊಂದು ಯುದ್ಧದ ಮೋಡ ಕವಿಯುತ್ತಿದ್ದ ವರ್ಷಗಳಲ್ಲಿ. ವರದಿ ಅಚ್ಚಾದುದು ಆ ಯುದ್ಧದ ನಡುವೆ. ಸಣ್ಣದೊಂದು ಜನತೆಯ ಮೇಲೆ ಶಿಸ್ತಿನ ಮಹಾಸೈನ್ಯವೊಂದು ಎರಗಿದ ಕಥೆಯನ್ನು ಆ ಓದುಗರು ಎಷ್ಟು ಹತ್ತಿರದಿಂದ ಓದಿರಬೇಕು! ಹಲವು ದಶಕಗಳವರೆಗೆ ಪಠ್ಯಪುಸ್ತಕಗಳು ಇದನ್ನೇ ಹೇಳಿದವು. ನಾನೂ ಹೇಳಿದೆ. ಹತ್ತು ಹದಿನೈದು ವರ್ಷಗಳ ಕಾಲ ನನ್ನ ತರಗತಿಯಲ್ಲಿ ಈ ಪಾಠ ಬಂದಾಗಲೆಲ್ಲ ಕರಿಹಲಗೆಯ ಮೇಲೆ ಒಡ್ಡುಗಳ ಚಿತ್ರ ಬರೆದು, ಬಾಗಿಲ ಬಳಿ ಒಂದು ಗುರುತು ಹಾಕಿ, ಹಿಂದಿನ ಸಾಲಿನ ಹುಡುಗರೂ ತಲೆಯೆತ್ತಿ ಕೇಳುವಂತೆ ಆ ಸಂಜೆಯ ವರ್ಣನೆ ಮಾಡುತ್ತಿದ್ದೆ. ನಾನು ಮೊದಲು ಹೇಳಿದ ಸಾಲ ಇದೇ. ಆ ಪಾಠದಲ್ಲಿ ನಾನು ಕಥೆಯನ್ನು ಸಂಗತಿಯೆಂದು ದಾಟಿಸಿದ್ದೆ.

ಸಂಗತಿಗಳೇನು? ಮೊದಲನೆಯದಾಗಿ, ಆತುರದಲ್ಲಿ ಹೂಳಿದರೆಂಬ ಆ ಶವಗಳ ಪಕ್ಕದಲ್ಲಿ ಮಡಕೆಗಳಿದ್ದವು, ಮಾಂಸದ ತುಂಡುಗಳಿದ್ದವು. ಪರಲೋಕದ ದಾರಿಗೆ ಬುತ್ತಿ ಕಟ್ಟುವಷ್ಟು ವ್ಯವಧಾನ ಹೂಳಿದವರಿಗಿತ್ತು. ಅದು ಆ ನಾಡಿನ ರೂಢಿಯ ಶವಸಂಸ್ಕಾರವೇ ಸರಿ. ಎರಡನೆಯದಾಗಿ, 1985 ಮತ್ತು 1986ರಲ್ಲಿ ನೈಲ್ ಶಾರ್ಪಲ್ಸ್ ಎಂಬ ವಿದ್ವಾಂಸನು ಅಲ್ಲಿ ಮತ್ತೆ ಉತ್ಖನನ ನಡೆಸಿದನು. ಪೂರ್ವದ ಬಾಗಿಲಿನ ಬಳಿ ಕಬ್ಬಿಣದ ಕೆಲಸವು ಬಹು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದ್ದುದು ಕಂಡುಬಂದಿತು. ಹಾಗಾದರೆ ವ್ಹೀಲರನು ಶತ್ರುಗಳ ಬೆಂಕಿಯೆಂದು ತಿಳಿದುದು ಕಮ್ಮಾರನ ಕುಲುಮೆಯ ಬೂದಿಯಾಗಿರಬಾರದೇಕೆ? ಮೂರನೆಯದಾಗಿ, ಕ್ರಿ.ಪೂ. 100ರ ತರುವಾಯ ಕೋಟೆಯೊಳಗಿನ ವಸತಿಯು ಕ್ರಮೇಣ ಕುಗ್ಗಿ ಪೂರ್ವಭಾಗಕ್ಕೆ ಸೀಮಿತವಾಗಿತ್ತು. ರೋಮನರು ಬರುವ ಹೊತ್ತಿಗೆ ಅದು ಮೊದಲಿನ ಕೋಟೆಯಾಗಿ ಉಳಿದಿರಲಿಲ್ಲ.

ಕೊನೆಯ ಪೆಟ್ಟು ಬಿದ್ದುದು 2025ರಲ್ಲಿ. ಬೋರ್ನ್‌ಮತ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಆ ಅಸ್ಥಿಗಳನ್ನೇ ತೆಗೆದುಕೊಂಡು ವಿಕಿರಣ ಇಂಗಾಲದ ವಿಧಾನದಿಂದ ಅವುಗಳ ಕಾಲವನ್ನು ಹೊಸದಾಗಿ ನಿರ್ಣಯಿಸಿ ಪ್ರಕಟಿಸಿದರು. ಆ ಜನರು ಒಂದೇ ದಿನ ಸತ್ತವರಲ್ಲ. ಕ್ರಿ.ಪೂ. ಮೊದಲನೆಯ ಶತಮಾನದ ಕೊನೆಯಿಂದ ಕ್ರಿ.ಶ. ಮೊದಲನೆಯ ಶತಮಾನದ ಆದಿಭಾಗದವರೆಗೆ, ಎಂದರೆ ಕೆಲವು ತಲೆಮಾರುಗಳ ಅವಧಿಯಲ್ಲಿ, ಒಂದೊಂದು ಸಲ ಕೆಲವರಂತೆ ಸತ್ತವರು. ಬಹುಮಟ್ಟಿಗೆ ರೋಮನರು ಆ ನೆಲದ ಮೇಲೆ ಕಾಲಿಡುವ ಮುಂಚೆಯೇ ಮಡಿದವರು. ಕಡಿತದ ಗುರುತುಗಳೇನೋ ನಿಜ, ಹಿಂಸೆಯೂ ನಿಜ. ಆದರೆ ಅದು ಆ ನಾಡಿನವರು ತಮ್ಮತಮ್ಮೊಳಗೆ ನಡೆಸಿದ ಹಿಂಸೆಯೆಂದು ಆ ವಿದ್ವಾಂಸರ ಅಭಿಪ್ರಾಯ. ಅಧಿಕಾರಕ್ಕಾಗಿ ಮನೆತನಗಳ ನಡುವೆ ನಡೆದ ಕಾಳಗವೋ, ದಂಡನೆಯೋ, ಹಗೆಯೋ ಇರಬಹುದು.

ಇದನ್ನು ಓದಿದಾಗ ನಾನು ನಾಚಿದೆ. ನಮ್ಮ ಹಳ್ಳಿಗಳ ಹೊರಗೆ ನಿಂತಿರುವ ವೀರಗಲ್ಲುಗಳನ್ನು ಕಂಡ ಯಾವ ಕನ್ನಡಿಗನಾದರೂ ಈ ಸಂದೇಹವನ್ನು ಮೊದಲೇ ಪಡಬಹುದಾಗಿತ್ತು. ಆ ಕಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ಹೇಳುವುದು ಚಕ್ರವರ್ತಿಗಳ ದಂಡಯಾತ್ರೆಯನ್ನಲ್ಲ. ತುರುಗಳನ್ನು ಹಿಡಿದುಕೊಂಡು ಹೋದ ಪಕ್ಕದ ಊರಿನವರೊಡನೆ ಕಾದಿ ಸತ್ತವನು, ಊರಿನ ಎಲ್ಲೆಗಾಗಿ ಹೊಡೆದಾಡಿ ಮಡಿದವನು, ಇಂಥವರ ಹೆಸರುಗಳು ಅಲ್ಲಿವೆ. ದೊಡ್ಡ ಚರಿತ್ರೆಯ ಪುಟಗಳಲ್ಲಿ ಇವರಿಗೆ ಎಡೆಯಿಲ್ಲ. ಆದರೆ ಒಂದು ಊರಿನ ಬಾಳಿನಲ್ಲಿ ಸಾವು ಬಂದುದು ಬಹುಪಾಲು ಈ ದಾರಿಯಿಂದಲೇ. ನಮ್ಮವರು ಕಲ್ಲನ್ನು ನೆಟ್ಟು ಹೆಸರು ಕೆತ್ತಿಸಿದರು. ಡಾರ್ಸೆಟ್ಟಿನ ಜನರಿಗೆ ಅಕ್ಷರವಿರಲಿಲ್ಲವಾದುದರಿಂದ ಅವರ ಮೂಳೆಗಳಿಗೆ ನಾವು ಪರಕೀಯನೊಬ್ಬನ ಹೆಸರನ್ನು ಅಂಟಿಸಿದೆವು. ಅವರ ಜಗಳಗಳನ್ನೂ ಅವರಿಗೆ ಬಿಡಲಿಲ್ಲ. ರೋಮನರ ಚರಿತ್ರೆಯ ಒಂದು ಅಡಿಬರಹವನ್ನಾಗಿ ಮಾಡಿದೆವು.

ಇಷ್ಟಕ್ಕೆ ಮುಗಿದಿದ್ದರೆ ಇದು ಆಂಗ್ಲೇಯರ ಮನೆಯ ಮಾತೆಂದು ಬಿಡಬಹುದಾಗಿತ್ತು. ಆದರೆ ಇದೇ ವ್ಹೀಲರನು 1944ರಲ್ಲಿ ಭಾರತದ ಪ್ರಾಕ್ತನಶಾಸ್ತ್ರ ಇಲಾಖೆಯ ಮಹಾನಿರ್ದೇಶಕನಾಗಿ ಬಂದು 1948ರವರೆಗೆ ಇಲ್ಲಿದ್ದನು. 1946ರಲ್ಲಿ ಹರಪ್ಪದಲ್ಲಿ ಅಗೆದು ಹಸಿಯಿಟ್ಟಿಗೆಯ ಭಾರಿ ಕೋಟೆಗೋಡೆಯನ್ನು ಕಂಡನು. ಹಿಂದೆಯೇ ಮೊಹೆಂಜೊದಾರೊವಿನಲ್ಲಿ ಬೀದಿಗಳಲ್ಲೂ ಕೋಣೆಗಳಲ್ಲೂ ಕೆಲವು ಅಸ್ಥಿಪಂಜರಗಳು ದೊರೆತಿದ್ದವು. ಕೋಟೆಗಳನ್ನು ಒಡೆದ ಪುರಂದರನೆಂದು ವೇದವು ಇಂದ್ರನನ್ನು ಹೊಗಳುತ್ತದೆ. ಈ ಮೂರನ್ನೂ ಜೋಡಿಸಿ, ಆರ್ಯರು ಎರಗಿ ಆ ನಗರವನ್ನು ಕೊಂದರೆಂಬ ಇನ್ನೊಂದು ಕಡೆಯ ದಿನದ ಕಥೆಯನ್ನು ಅವನು ಕಟ್ಟಿದನು. 1964ರಲ್ಲಿ ಜಾರ್ಜ್ ಡೇಲ್ಸ್ ಎಂಬ ವಿದ್ವಾಂಸನು ಆ ಅಸ್ಥಿಗಳೆಲ್ಲ ಒಂದೇ ಪದರಕ್ಕೆ, ಒಂದೇ ಕಾಲಕ್ಕೆ ಸೇರಿದುವಲ್ಲವೆಂದು ತೋರಿಸಿ ಆ ಹತ್ಯಾಕಾಂಡವನ್ನು ಅಲ್ಲಗಳೆದನು. ಡಾರ್ಸೆಟ್ಟಿನಲ್ಲಿ ಆದುದೇ ಸಿಂಧೂ ತೀರದಲ್ಲಿಯೂ ಆಯಿತು: ಕೋಟೆ ಕಂಡಿತು, ಮೂಳೆ ಕಂಡಿತು, ಗ್ರಂಥವೊಂದರ ಆಸರೆ ಸಿಕ್ಕಿತು, ಉಳಿದುದನ್ನು ಕಲ್ಪನೆ ತುಂಬಿತು. ಇಲ್ಲಿಯ ಕಥೆಯಂತೂ ತರಗತಿಯೊಳಗೆ ನಿಲ್ಲದೆ ಜನರ ಅಭಿಮಾನ ದ್ವೇಷಗಳಿಗೂ ಆಹಾರವಾಯಿತು.

ಆದರೂ ವ್ಹೀಲರನನ್ನು ಹಳಿಯುವುದಕ್ಕಾಗಿ ನಾನು ಈ ಮಾತುಗಳನ್ನು ಆಡುತ್ತಿಲ್ಲ. 1947ರಲ್ಲಿ ಅವನು ನಮ್ಮ ಮೈಸೂರು ಸಂಸ್ಥಾನಕ್ಕೂ ಬಂದನು. ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಹಿಂದೆ ಶೋಧಿಸಿದ್ದ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ, ಚಿತ್ರದುರ್ಗದ ಸೀಮೆಯ ಮಣ್ಣಿನಲ್ಲಿ, ಮೇಡನ್ ಕ್ಯಾಸಲಿನ ಅದೇ ಕ್ರಮದಿಂದ ಅಗೆದನು. ಕಲ್ಲುಕೊಡಲಿಯ ಜನರು, ಅವರ ಮೇಲೆ ಬೃಹತ್ ಶಿಲಾಸಮಾಧಿಯವರು, ಅವರ ಮೇಲೆ ಶಾತವಾಹನರ ಕಾಲದವರು, ಹೀಗೆ ಪದರದ ಮೇಲೆ ಪದರವಾಗಿ ನಮ್ಮ ನಾಡಿನ ಪ್ರಾಚೀನತೆಯ ಸರಣಿಯೊಂದು ಆಗ ಖಚಿತವಾಯಿತು. ಅವನು ಕೊಟ್ಟ ಕಾಲಗಳು ನಿಲ್ಲಲಿಲ್ಲ. ರೋಮನ್ ನಾಣ್ಯಗಳನ್ನೂ ಮಡಕೆಗಳನ್ನೂ ಆಧಾರವಾಗಿಟ್ಟುಕೊಂಡು, ಕಲ್ಲುಕೊಡಲಿಯ ಸಂಸ್ಕೃತಿಯು ಕ್ರಿ.ಪೂ. 1000ದಿಂದ ಈಚಿನದೆಂದು ಅವನು ಎಣಿಸಿದ್ದನು. ವಿಕಿರಣ ಇಂಗಾಲದ ಲೆಕ್ಕವು ಆಮೇಲೆ ದಕ್ಷಿಣದ ನವಶಿಲಾಯುಗವನ್ನು ಕ್ರಿ.ಪೂ. ಮೂರನೆಯ ಸಹಸ್ರಮಾನದವರೆಗೆ ಹಿಂದಕ್ಕೆ ಒಯ್ದಿತು. ಕಾಲಗಳು ಬದಲಾದುವು, ಪದರಗಳ ಸರಣಿ ಮಾತ್ರ ಅಲುಗಲಿಲ್ಲ.

ನನಗೆ ಇದರಲ್ಲಿ ಒಂದು ಪಾಠ ಕಾಣುತ್ತದೆ. ವ್ಹೀಲರನ ಕಥೆಯನ್ನು ಮುರಿದುದು ಯಾವುದು? ಅವನದೇ ಕ್ರಮ. ಪ್ರತಿಯೊಂದು ಅಸ್ಥಿಯೂ ಎಲ್ಲಿ, ಯಾವ ಭಂಗಿಯಲ್ಲಿ, ಏನನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿತ್ತೆಂಬುದನ್ನು ಅವನು ಬರೆದಿಡದೆ ಹೋಗಿದ್ದರೆ, ಆ ಅಸ್ಥಿಗಳು ಜೋಪಾನವಾಗಿ ಉಳಿಯದೆ ಹೋಗಿದ್ದರೆ, ಎಂಬತ್ತು ವರ್ಷಗಳ ಅನಂತರದವರು ಅವನಿಗೆ ಎದುರು ಹೇಳುವುದೇ ಸಾಧ್ಯವಾಗುತ್ತಿರಲಿಲ್ಲ. ನ್ಯಾಯಾಲಯದ ಮಾತಿನಲ್ಲಿ ಹೇಳುವುದಾದರೆ, ತನ್ನ ವಾದವನ್ನೇ ಕೆಡಿಸಬಲ್ಲ ಸಾಕ್ಷಿಯನ್ನು ಅವನು ಮರೆಮಾಡಲಿಲ್ಲ. ಮುಂದಿನವರ ಪಾಟೀಸವಾಲಿಗೆ ಒಪ್ಪಿಸಿ ಹೋದನು. ಚರಿತ್ರಕಾರನ ಪ್ರಾಮಾಣಿಕತೆಗೆ ಇದಕ್ಕಿಂತ ಹೆಚ್ಚಿನ ಪರೀಕ್ಷೆಯನ್ನು ನಾನು ಕಾಣೆ. ಹಾರ್ಡಿಯ ಕಥೆಯ ಆ ಕಳ್ಳ ಅಗೆತಗಾರನಿಗೂ ವ್ಹೀಲರನಿಗೂ ಇರುವ ಅಂತರ ಇದು. ಒಬ್ಬನು ವಸ್ತುವನ್ನು ತಂದು ಸಾಕ್ಷ್ಯವನ್ನು ಕೊಂದನು. ಇನ್ನೊಬ್ಬನು ಅರ್ಥವನ್ನು ತಪ್ಪಾಗಿ ಹೇಳಿದರೂ ಸಾಕ್ಷ್ಯವನ್ನು ಉಳಿಸಿದನು.

ಇಂದು ಮೇಡನ್ ಕ್ಯಾಸಲ್ ಕಾಯಿದೆಯ ರಕ್ಷಣೆಯಲ್ಲಿದೆ. ಇಂಗ್ಲಿಷ್ ಹೆರಿಟೇಜ್ ಎಂಬ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಒಡ್ಡುಗಳ ಮೇಲೆ ಕುರಿಗಳು ಮೇಯುತ್ತವೆ. ಅವು ಹುಲ್ಲನ್ನು ಮಟ್ಟವಾಗಿಟ್ಟು, ಬೇರುಬಿಟ್ಟು ಮಣ್ಣನ್ನು ಸೀಳುವ ಪೊದೆಗಳು ಬೆಳೆಯದಂತೆ ತಡೆಯುತ್ತವೆ. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ರೋಮನ್ ಬ್ರಿಟನ್ನಿನವರು ಅಲ್ಲಿ ಕಟ್ಟಿದ ಒಂದು ಚಿಕ್ಕ ದೇವಾಲಯದ ತಳಪಾಯವನ್ನು ಹುಲ್ಲಿನ ನಡುವೆ ಕಾಣಬಹುದು. ಕೋಟೆಯ ಬಹುಭಾಗವನ್ನು ಇನ್ನೂ ಯಾರೂ ಅಗೆದಿಲ್ಲ. ಇದು ಉದಾಸೀನವಲ್ಲ. ನಾಳೆಯವರ ಬಳಿ ನಮ್ಮಲ್ಲಿಲ್ಲದ ಉಪಕರಣಗಳಿರಬಹುದು, ನಮಗೆ ಹೊಳೆಯದ ಪ್ರಶ್ನೆಗಳಿರಬಹುದು. ಅವರಿಗಾಗಿ ಅಗೆಯದೆ ಬಿಟ್ಟ ಮಣ್ಣು ಓದದೆ ಬಿಟ್ಟ ಓಲೆಯ ಕಟ್ಟಿನಂತೆ.

ಕಲ್ಲಿನ ಕೋಟೆಯು ಕೆಡವಿದರೂ ಕಲ್ಲನ್ನುಳಿಸುತ್ತದೆ. ಮಣ್ಣಿನ ಕೋಟೆಯನ್ನು ಒಮ್ಮೆ ಸಮಮಾಡಿದರೆ ಅದು ಇತ್ತೆಂಬ ಗುರುತೂ ಉಳಿಯುವುದಿಲ್ಲ. ನಮ್ಮ ಊರುಗಳ ಸುತ್ತಲೂ ಪಾಳೆಯಗಾರರ ಕಾಲದ ಮಣ್ಣಿನ ಗೋಡೆಗಳ ಅವಶೇಷಗಳಿವೆ, ಬೂದಿದಿಬ್ಬಗಳಿವೆ, ಹೆಸರಿಲ್ಲದ ಹಾಳೂರುಗಳ ದಿಣ್ಣೆಗಳಿವೆ. ಗೊಬ್ಬರಕ್ಕೆಂದೂ ಮನೆ ಕಟ್ಟುವುದಕ್ಕೆಂದೂ ಅವುಗಳ ಮಣ್ಣನ್ನು ಗಾಡಿಯಲ್ಲಿ ತುಂಬಿಕೊಂಡು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಹಾಗೆ ಹೋದ ಒಂದೊಂದು ಗಾಡಿಯೊಡನೆ, ಇಂದು ನಾವು ಹೇಳುತ್ತಿರುವ ಕಥೆ ಸುಳ್ಳೋ ನಿಜವೋ ಎಂಬುದನ್ನು ಮುಂದೆ ಹೇಳಬೇಕಾಗಿದ್ದ ಸಾಕ್ಷಿಯೂ ಹೋಗುತ್ತದೆ.

ನನ್ನ ತರಗತಿಯಲ್ಲಿ ಆ ಪಾಠ ಈಗಲೂ ನಡೆಯುತ್ತದೆ. ಕರಿಹಲಗೆಯ ಮೇಲೆ ಒಡ್ಡುಗಳನ್ನು ಬರೆಯುತ್ತೇನೆ, ಬಾಗಿಲ ಬಳಿ ಗುರುತನ್ನೂ ಹಾಕುತ್ತೇನೆ. ವ್ಹೀಲರನ ಕಥೆಯನ್ನು ಮೊದಲು ಪೂರ್ತಿಯಾಗಿ ಹೇಳುತ್ತೇನೆ. ಆಮೇಲೆ ಮಡಕೆಗಳ ವಿಷಯವನ್ನೂ ಕುಲುಮೆಯ ವಿಷಯವನ್ನೂ ಹೇಳಿ, ನೀವೇ ನ್ಯಾಯಾಧೀಶರಾಗಿರಿ ಎಂದು ಹುಡುಗರಿಗೆ ಬಿಡುತ್ತೇನೆ. ಹಿಂದಿನ ಸಾಲಿನವರು ಈಗಲೂ ತಲೆಯೆತ್ತುತ್ತಾರೆ. ಆದರೆ ಈಗ ಕೇಳುವುದಷ್ಟೇ ಅಲ್ಲ, ಪ್ರಶ್ನೆಗಳನ್ನೂ ಹಾಕುತ್ತಾರೆ.